ಅಮೀನನ ಷರಾ

ಕೋರ್ಟಿನ ಬೋರ್ಡು ಬರೆದವನೇ ಸಂಪಂಗಿ.
‘ಪ್ರಧಾನ ಸಿವಿಲ್ ನ್ಯಾಯಾಧೀಶರು, ಕೋಲಾರ’.
ಆ ‘ಧೀ’ಗೆ ಅವನೆಳೆದ ದೀರ್ಘ, ಕುದುರೆ ಬಾಲದ ಹಾಗೆ,
ನೋಟೀಸು ಹಿಡಿದು ಹೊರಟಾಗೆಲ್ಲ ನೋಡುತ್ತಿದ್ದೆ.

ಅವನ ಮೇಲೆಯೇ ಈಗ ಅಮಲ್ಜಾರಿ ಅರ್ಜಿ.
ಡಿಕ್ರಿ ಎರಡು ಲಕ್ಷ ಹತ್ತು ಸಾವಿರ, ಬಡ್ಡಿ ಬೇರೆ.
ಫ್ಲೆಕ್ಸ್ ಬಂದ ಮೇಲೆ ಬ್ರಷ್ಷಿಗೆ ಕೂಲಿಯಿಲ್ಲ,
ಫ್ಲೆಕ್ಸ್ ಮಿಷನ್ನೇ ಕೊಳ್ಳುತ್ತೇನೆಂದು ಕೈಸಾಲ ಎತ್ತಿದ.
ಮಿಷನ್ನು ಕೆಟ್ಟಿತು, ಸಾಲ ಕೆಡಲಿಲ್ಲ.

ಮೂವತ್ತು ವರ್ಷದ ಅಮೀನ ನಾನು.
ಸೂರ್ಯ ಮುಳುಗಿದ ಮೇಲೆ ಮನೆ ಹೊಗುವಂತಿಲ್ಲ, ಬಲ್ಲೆ.
ಹಣದ ಡಿಕ್ರಿಗೆ ಹೆಂಗಸರನ್ನು ಹಿಡಿಯುವಂತಿಲ್ಲ, ಬಲ್ಲೆ.
ಹಿಡಿದವನ ಊಟಕ್ಕೆ ಸಾಲ ಕೊಟ್ಟವರೇ
ಮುಂಚಿತ ಭತ್ಯೆ ಕಟ್ಟಬೇಕು. ಇದ ಕೇಳಿ
ಗಲ್‌ಪೇಟೆಯ ಸಾಹುಕಾರನೊಬ್ಬ ನಕ್ಕಿದ್ದ:
‘ಅಂದರೆ ಇನ್ನಷ್ಟು ಸಾಲ ಕೊಡು ಅಂತಲೇ?’
ಹನ್ನೊಂದು ಜನರನ್ನು ಸಿವಿಲ್ ಜೈಲಿಗೆ ಬಿಟ್ಟುಬಂದಿದ್ದೇನೆ.
ಒಬ್ಬ ಹೋಗುವ ದಾರಿಯಲ್ಲಿ, ಡೂಂ ಲೈಟ್ ಸರ್ಕಲ್ಲಿನಲ್ಲಿ,
ನನಗೆ ಟೀ ಕುಡಿಸಿದ, ದುಡ್ಡು ತಾನೇ ಕೊಟ್ಟ.
ಅದನ್ನು ಷರಾದಲ್ಲಿ ಬರೆಯಲಿಲ್ಲ.

ಮೊನ್ನೆ ಸೋಮವಾರ ಮೊಪೆಡ್ಡಿಗೆ ಪೆಟ್ರೋಲ್ ಹಾಕಿಸಿ
ವಾರಂಟಿಗೆ ಕಾಯುತ್ತ ಬಾಗಿಲ ಬಳಿ ನಿಂತಿದ್ದೆ.
ಹೊಸ ಮೇಡಂ ಆರ್ಡರು ಹೇಳತೊಡಗಿದರು:
‘ಕರಾರಿನಂತೆ ತೀರಿಸಲು ಕೈಲಾಗಲಿಲ್ಲವೆಂಬ ಒಂದೇ ಕಾರಣಕ್ಕೆ
ಯಾರನ್ನೂ ಸೆರೆಯಲ್ಲಿ ಇಡತಕ್ಕದ್ದಲ್ಲ.’
ಸ್ಟೆನೋ ರತ್ನಾಕರ ಕೈ ನಿಲ್ಲಿಸಿದ.
‘ಯಾವ ಕಾಯ್ದೆ ಮೇಡಂ, ನಮ್ಮದಾ?’
‘ಒಡಂಬಡಿಕೆ. ನ್ಯೂಯಾರ್ಕಿನಲ್ಲಿ ಬರೆದದ್ದು,
ದಿಲ್ಲಿ ಎಪ್ಪತ್ತೊಂಬತ್ತರಲ್ಲಿ ಒಪ್ಪಿಕೊಂಡದ್ದು.’
ನಾನಾಗ ಮುಳಬಾಗಿಲಲ್ಲಿ ನಾಲ್ಕನೇ ಕ್ಲಾಸು.
ನನ್ನ ಪರವಾಗಿಯೂ ಒಪ್ಪಿದರೆಂದು ಮೇಷ್ಟ್ರು ಹೇಳಿರಲಿಲ್ಲ.

ವಕೀಲರು ಎದ್ದರು: ಪಾರ್ಲಿಮೆಂಟು ಪಾಸು ಮಾಡದ ಕಾಗದ
ಈ ಹಾಲಿನೊಳಗೆ ಯಾವ ಬಾಗಿಲಿಂದ ಬಂತು?
ಮೇಡಂ ಸ್ವಲ್ಪ ಸುಮ್ಮನಿದ್ದರು.
ತಾನಾಗಿ ಬರುವುದಿಲ್ಲ, ಒಪ್ಪಿದೆ ಅಂದರು.
ಆದರೆ ನಮ್ಮ ಕಲಂ ಐವತ್ತೊಂದನ್ನು ಎರಡು ಥರ ಓದಬಹುದಾದರೆ
ಕೊಟ್ಟ ಮಾತಿಗೆ ಹತ್ತಿರದ ಓದನ್ನೇ ಓದಬೇಕು,
ದೊಡ್ಡ ಕೋರ್ಟು ಎಂದೋ ಹಾಗೆ ಓದಿ ತೋರಿಸಿದೆ.
ಇದ್ದೂ ಬಚ್ಚಿಟ್ಟವನು ಬೇರೆ, ಇಲ್ಲದವನು ಬೇರೆ.
ಇವನ ಹತ್ತಿರ ಇದೆಯೆಂದು ತೋರಿಸಿ.

ತೋರಿಸಲು ಏಳು ಬ್ರಷ್ಷು, ಒಂದು ಏಣಿ.

ನನಗೆ ತಿಳಿದದ್ದು ನೀರಿನ ಲೆಕ್ಕದಲ್ಲಿ.
ಅಂತರಗಂಗೆಯ ಬಸವನ ಬಾಯಿಂದ ಬೀಳುವ ನೀರಿಗೆ
ನಿನ್ನೂರು ಯಾವುದೆಂದು ಕೇಳಿದವರಿಲ್ಲ;
ಕಾಶಿ ಅಂದರು, ಕೈಯೊಡ್ಡಿದೆವು.
ಕೆ.ಸಿ. ವ್ಯಾಲಿ ಪೈಪಿನಲ್ಲಿ ಬಂದದ್ದಕ್ಕೆ ಮೂಗು ಮುಚ್ಚಿದೆವು.
ಅದನ್ನು ನೇರ ಕುಡಿಯುವಂತಿಲ್ಲ, ನಿಜವೇ.
ಕೆರೆಯಲ್ಲಿ ನಿಂತು, ನಮ್ಮ ಮಣ್ಣಲ್ಲಿ ಇಂಗಿ ಇಂಗಿ,
ಯಾರದೋ ಸತ್ತ ಬೋರ್‌ವೆಲ್ಲು ಒಂದು ಬೆಳಿಗ್ಗೆ ಕೆಮ್ಮಿ
ಮೊದಲು ಕೆಸರು, ಆಮೇಲೆ ನೀರು ಕಕ್ಕಿದಾಗ
ಬೆಂಗಳೂರಿನ ಹೆಸರು ಯಾರೂ ಎತ್ತಲಿಲ್ಲ.

ಹೀಗೆ ಸಮಾಧಾನವಾಗಿ ಮೆಟ್ಟಿಲಿಳಿಯುವಾಗ
ಡಿಕ್ರಿದಾರರು ಸಿಕ್ಕಿದರು, ನರ್ಸಮ್ಮ ಸುಗುಣ ಸಾಲೊಮನ್.
ನನ್ನ ಮಗಳ ಹೆರಿಗೆಗೆ ರಾತ್ರಿಯೆಲ್ಲ ನಿಂತವರು.
ಅವರದೂ ಪಿಂಚಣಿಯ ಗಂಟು,
ಪಕ್ಕದ ಮನೆ ಹುಡುಗನೆಂದು ಬಡ್ಡಿ ಕಮ್ಮಿ ಹಾಕಿ ಕೊಟ್ಟದ್ದು.
‘ಅಮೀನ್ರೇ, ಆ ನ್ಯೂಯಾರ್ಕಿನವರು
ನನ್ನ ದುಡ್ಡಿನ ಬಗ್ಗೆ ಏನು ಬರೆದವ್ರೆ?’

ತಿಂಗಳಿಗೆ ಸಾವಿರದೈನೂರು ಕಂತು ಅಂದೆ.
ಬೆರಳು ಮಡಿಸಿ ಮಡಿಸಿ ಎಣಿಸಿದರು.
ಬಡ್ಡಿ ಬಿಟ್ಟು ಹನ್ನೊಂದು ವರ್ಷ ಎಂಟು ತಿಂಗಳು.
‘ನನಗೀಗ ಎಪ್ಪತ್ತೊಂದು’ ಅಂದು ಆಟೋ ಹತ್ತಿದರು.

ಸಂಪಂಗಿ ಬೋರ್ಡಿನ ಕೆಳಗೆ ತಲೆಯೆತ್ತಿ ನಿಂತಿದ್ದ.
‘ಕೋ ಹತ್ರ ಬಣ್ಣ ಎದ್ದೈತೆ ಸಾರ್.’
ವಾರಂಟು ಹೊರಡದಿದ್ದರೂ ಫೈಲಿಗೆ ಷರಾ ಬೇಕಂತೆ,
ಶಿರಸ್ತೇದಾರರ ಹಟ.
ಪೆನ್ನು ತೆಗೆದು ಬರೆದೆ: ‘ಇಬ್ಬರೂ ಸಿಕ್ಕಿದರು.’
ಆಮೇಲೆ ಅದರ ಮೇಲೊಂದು ಗೀಟು ಎಳೆದು
ಅಲ್ಲೇ ಚಿಕ್ಕ ಸಹಿ ಹಾಕಿದೆ.